ಕಪ್ ಮೂಳೇಲಿ ಗಟ್ಟಿಯಾಗಿ ಕೂತಿದ್ಯಾ, ಅಲ್ಲಿಂದ ಶುರು ಮಾಡಿ

ನಮಸ್ಕಾರ. ಹುಟ್ಟಿನಿಂದ್ಲೇ ಸರಿಯಾಗಿ ಬೆಳೀದೇ ಇರೋ ಸೊಂಟದ ಕೀಲಿಗೆ ಹಿಪ್ ರಿಪ್ಲೇಸ್‌ಮೆಂಟ್ ಮಾಡೋದರ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಕೈಬಿಡಬೇಡಿ, ಆಪರೇಷನ್‌ಗೆ ರೆಡಿಯಾಗ್ತಿರೋರು, ಅವರ ಮನೆಯವರು ಇದನ್ನ ಹುಡುಕಿ ಓದ್ತಾರೆ, ಅದಕ್ಕೇ ಮುಚ್ಚುಮರೆ ಇಲ್ದೆ ಹೇಳ್ತಿದೀನಿ.

ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಈ ಆಪರೇಷನ್ ರೂಪಿಸೋಕೆ ಮಾಡಿದ ಕೆಲಸ ದೊಡ್ಡದೇ, ಆದ್ರೆ ಅರ್ಧ ಲೇಖನ ಅದಕ್ಕೇ ಹೋಗಿದೆ. ಎರಡು ಸಾಲು ಸಾಕು.

ದೊಡ್ಡ ತೊಂದರೆ ಬೇರೆ ಇದೆ. ಇಂಪ್ಲಾಂಟ್ ಅಲುಗಾಡಬಾರದು ಅಂತ ಶುರು ಮಾಡಿ ಮುಂದಿನ ಪ್ಯಾರಾದಲ್ಲೇ ಗುಂಡು ಕಪ್ಪಿಂದ ಜಾರಿ ಹೊರಗೆ ಬರೋದಕ್ಕೆ ಹೋಗಿಬಿಟ್ಟಿದೀರಿ, ಅದು ಡಿಸ್‌ಲೊಕೇಶನ್, ನಿಮ್ಮ ವಿಷಯ ಸೊಂಟದ ಬಟ್ಟಲಲ್ಲಿ ಕೂರಿಸೋ ಕಪ್ ಮತ್ತೆ ತೊಡೆಮೂಳೆಯೊಳಗೆ ಇಳಿಸೋ ಸ್ಟೆಮ್ (ಕಡ್ಡಿ) ಮೊದಲ ದಿನದಿಂದ ಮೂಳೇಲಿ ಕದಲದೆ ಕೂತಿದಾವಾ ಅನ್ನೋದು. ಮೂಳೆ ಸಿಮೆಂಟ್ ಹಾಕದೆ ಕೂರಿಸೋ ಕಪ್ಪಿಗೆ ಮೂಳೇನ ಕಪ್ಪಿನ ಅಳತೆಗಿಂತ ಒಂದೆರಡು ಮಿ.ಮೀ. ಚಿಕ್ಕದಾಗಿ ಕೊರೆದು ಬಡಿದು ಕೂರಿಸ್ತಾರೆ, ಮೂಳೆ ಬೆಳೆದು ಅದರ ಸಣ್ಣ ಸಣ್ಣ ರಂಧ್ರಗಳೊಳಗೆ ಹಿಡಿದುಕೊಳ್ಳೋಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು, ಅಲ್ಲಿವರೆಗೂ ಆ ಬಿಗಿತಾನೇ ಆಧಾರ. ಅಲುಗಾಟ ಸುಮಾರು 40 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಒಳಗಿದ್ರೆ ಮೂಳೆ ಬೆಳೆಯುತ್ತೆ, 150 ದಾಟಿದ್ರೆ ಮೂಳೆ ಬದಲು ನಾರಿನಂಥ ಅಂಗಾಂಶ ತುಂಬ್ಕೊಳ್ಳುತ್ತೆ, ಆಮೇಲೆ ಇಂಪ್ಲಾಂಟ್ ಸಡಿಲ. ತಲೆಕೂದಲಿನ ದಪ್ಪಾನೇ ಸುಮಾರು 70 ಮೈಕ್ರಾನ್ ಅಂತ ಸೇರಿಸಿ, ಓದೋರಿಗೆ ಥಟ್ಟಂತ ಅಂದಾಜು ಸಿಗುತ್ತೆ.

ಇನ್ನು ಹೀಗೆ ಸರಿಯಾಗಿ ಬೆಳೀದೇ ಇರೋ ಕೀಲಲ್ಲಿ, ಅಂದ್ರೆ ಡಿಸ್‌ಪ್ಲೇಸಿಯಾದಲ್ಲಿ ಯಾಕೆ ಕಷ್ಟ ಅನ್ನೋದನ್ನ "ಮೂಳೆ ವೀಕ್ ಇರುತ್ತೆ" ಅಂತ ಒಂದೇ ಮಾತಲ್ಲಿ ಮುಗಿಸಿದೀರಿ, ಇದು ಸಾಲಲ್ಲ. ಬಟ್ಟಲು ಆಳ ಇರಲ್ಲ, ಮುಂದೆ ಮತ್ತೆ ಮೇಲ್ಗಡೆ ಗೋಡೇನೇ ಇರಲ್ಲ, ಹಿಡಿಯೋಕೆ ಅಂಚೇ ಇಲ್ಲದಿದ್ರೆ ಕಪ್ ಬಿಗಿಯಾಗೋದು ಹೇಗೆ? ಕೆಲವು ಸರ್ಜನ್‌ಗಳು ಕಪ್ಪನ್ನ ಇನ್ನಷ್ಟು ಒಳಗೆ ಕೂರಿಸ್ತಾರೆ, ಕೆಲವರು ಮೂಳೆ ಸಿಗೋ ಕಡೆ ಸ್ವಲ್ಪ ಮೇಲಕ್ಕೆ, ಇಲ್ಲಾಂದ್ರೆ ಪೇಶೆಂಟ್‌ದೇ ತೆಗೆದ ತೊಡೆಮೂಳೆಯ ಗುಂಡಿನಿಂದ ಗ್ರಾಫ್ಟ್ (ಮೂಳೆ ಕಸಿ) ಕಟ್ಟಿ ಗೋಡೆ ಮಾಡ್ತಾರೆ. "ಸ್ಕ್ರೂ ಹಾಕಿದ್ರೆ ಆಯ್ತು" ಅನ್ನೋ ನಿಮ್ಮ ಸಾಲು ತೆಗೀರಿ. ಸ್ಕ್ರೂ ಸಹಾಯ ಮಾಡುತ್ತೆ, ಇಲ್ಲದ ಮೂಳೇನ ತುಂಬಿಕೊಡಲ್ಲ, ಮೇಲೆ ಹಿಂಭಾಗಕ್ಕೆ ಹಾಕಿದ್ರೆ ಸೇಫ್, ಮುಂದಕ್ಕೆ ಹೋದ್ರೆ ಮೂಳೆ ಆಚೆಗೇ ದೊಡ್ಡ ರಕ್ತನಾಳ ಇದೆ.

ತೊಡೆಮೂಳೆ ಬಗ್ಗೆ ಏನೂ ಬರೆದೇ ಇಲ್ವಲ್ಲ! ಒಳಗಿನ ಕೊಳವೆ ಕಿರಿದು, ಕುತ್ತಿಗೆ ಮುಂದಕ್ಕೆ ತಿರುಚಿರುತ್ತೆ, ಮಾಮೂಲಿ ಸ್ಟೆಮ್ ಆ ತಿರುವಿನ ಹಿಂದೇನೇ ಹೋಗಿಬಿಡುತ್ತೆ, ಅದಕ್ಕೇ ಕೋನ್ ಆಕಾರದ್ದು ಅಥವಾ ಬಿಡಿ ಭಾಗ ಜೋಡಿಸೋ ಮಾಡ್ಯುಲರ್ ಸ್ಟೆಮ್ ಬಳಸೋದು. ತೊಡೆಮೂಳೆ ಗುಂಡು ಎಷ್ಟು ಮೇಲಕ್ಕೆ ಜಾರಿದೆ ಅಂತ ಹೇಳೋ ಕ್ರೋವ್ ವಿಂಗಡಣೆಯ ನಾಲ್ಕನೇ, ಅಂದ್ರೆ ಅತಿ ಹೆಚ್ಚು ಜಾರಿದ ಗ್ರೇಡಲ್ಲಿ ಎಷ್ಟೋ ಸಲ ಮೂಳೆ ಕತ್ತರಿಸಿ ಗಿಡ್ಡ ಮಾಡ್ಬೇಕಾಗುತ್ತೆ, ಆಗ ಎರಡು ತುಂಡೂ ತಿರುಗದ ಹಾಗೆ ಸ್ಟೆಮ್ಮೇ ಹಿಡಿಬೇಕು.

ಕಪ್ ಬಡಿಯುವಾಗ ಸದ್ದು ಬದಲಾಗೋದನ್ನ ಬರೆದಿದೀರಲ್ಲ, ಅದು ತುಂಬಾ ಚೆನ್ನಾಗಿದೆ. ಅಲ್ಲೇ ಮುಂದುವರೆಸಿ, ಕಪ್ಪಿಗೆ ಸಿಕ್ಕಿಸಿದ ಹಿಡಿಕೆ ಹಿಡಿದು ಅಲ್ಲಾಡಿಸಿದ್ರೆ ಕಪ್ ಒಂದೇ ಅಲ್ಲ, ಇಡೀ ಪೆಲ್ವಿಸ್ಸೇ (ಸೊಂಟದ ಮೂಳೆಕಟ್ಟು) ಅಲುಗಾಡಬೇಕು, ಸರ್ಜನ್ ನೋಡೋದು ಅದನ್ನೇ. "ಎಲ್ಲರೂ ಆರು ವಾರ ಕಾಲೂರಬಾರದು" ಅನ್ನೋದು ಬೇಡ, ಗ್ರಾಫ್ಟ್ ಹಾಕಿದಾರಾ, ಮೂಳೆ ಕತ್ತರಿಸಿದಾರಾ ನೋಡ್ಕೊಂಡು ಸರ್ಜನ್ ಹೇಳ್ತಾರೆ. ತಿದ್ದಿ ಕಳಿಸಿ, ಮತ್ತೆ ಓದ್ತೀನಿ.