ಅಲ್ಗಾಂಕ್ವಿನ್ ಒಳಕಾಡಿನಲ್ಲಿ 3 ರಾತ್ರಿ: ಮೊದಲ ಸಲ ಹೋಗುವವರು ಹೇಗೆ ಪ್ಲಾನ್ ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಕೆನಡಾದ ಟೊರೊಂಟೊ ಪಕ್ಕದಲ್ಲಿರುವ ನಾಲ್ವರು ಗೆಳೆಯರು, ಆಗಸ್ಟ್ ಕೊನೆಯಲ್ಲಿ ಅಲ್ಗಾಂಕ್ವಿನ್ ಪಾರ್ಕಿನ ಒಳಕಾಡಿನಲ್ಲಿ 3 ರಾತ್ರಿ ಟೆಂಟ್ ಹಾಕಬೇಕು ಅಂತಿದ್ದೀರಿ. ಊರಲ್ಲಿ ಕುಮಾರ ಪರ್ವತ, ಕುದುರೆಮುಖ ಹತ್ತಿದ ಅಭ್ಯಾಸ ಇದೆ. ಆದರೆ ದೋಣಿಯ ಹುಟ್ಟು ಹಿಡಿದವರು ಒಬ್ಬರೂ ಇಲ್ಲ, ಇಬ್ಬರಿಗೆ ಈಜು ಬರುವುದಿಲ್ಲ. ಮ್ಯಾಪ್ ನೋಡಿ ದಿನಕ್ಕೆ 15 ಕಿ.ಮೀ. ಲೆಕ್ಕದಲ್ಲಿ ಒಂದು ದೊಡ್ಡ ಸುತ್ತು ಗುರುತು ಹಾಕಿದ್ದೀರಿ, ಅದು ಸರಿಯಾ ಅಂತ ಕೇಳಿದ್ದೀರಿ.

ಆ ಸುತ್ತನ್ನು ಬಿಟ್ಟುಬಿಡಿ. ಮೊದಲ ಸಲಕ್ಕೆ ಅದರ ಅರ್ಧ ಸಾಕು. ನಿಮಗೆ ಶಕ್ತಿ ಇಲ್ಲ ಅಂತ ಹೇಳುತ್ತಿಲ್ಲ. ಕುಮಾರ ಪರ್ವತ ಹತ್ತಿದವರಿಗೆ ಶಕ್ತಿಗೇನು ಕಮ್ಮಿ! ಇಲ್ಲಿ ದೂರ ಅಳೆಯುವ ಲೆಕ್ಕವೇ ಬೇರೆ, ಅಷ್ಟೆ.

ಮೊದಲು ಈ ಜಾಗ ಎಷ್ಟು ದೊಡ್ಡದು ಅಂತ ಮನಸ್ಸಿಗೆ ಬರಬೇಕು. ಇದು 1893ರಲ್ಲಿ ಶುರುವಾದ ಪಾರ್ಕ್. ಸುಮಾರು 7,600 ಚದರ ಕಿ.ಮೀ. ಇದೆ. ನಮ್ಮ ಇಡೀ ಕೊಡಗು ಜಿಲ್ಲೆ 4,100 ಚದರ ಕಿ.ಮೀ., ಅಂದರೆ ಹತ್ತಿರ ಹತ್ತಿರ ಎರಡು ಕೊಡಗು. ಈ ಕಾಡಿನ ಒಂದು ಮೂಲೆಯಲ್ಲಿ ಹೈವೇ 60 ಅನ್ನುವ ರಸ್ತೆ 56 ಕಿ.ಮೀ. ಹಾದುಹೋಗುತ್ತದೆ. ಕಾರಿನ ಪಕ್ಕದಲ್ಲೇ ಟೆಂಟ್ ಹಾಕುವ ಕ್ಯಾಂಪ್‌ಗ್ರೌಂಡುಗಳು ಹೆಚ್ಚಾಗಿ ಆ ರಸ್ತೆಗುಂಟ ಇವೆ. ಉಳಿದದ್ದೆಲ್ಲ ಕಾಡು, ಸಾವಿರಾರು ಕೆರೆ, ಹೊಳೆ. ಅಲ್ಲಿಗೆ ಕಾರು ಹೋಗುವುದಿಲ್ಲ. ಕೆಲವು ಕಡೆ ನಡೆದು ಹೋಗಬಹುದು, ಆದರೆ ಮುಖ್ಯ ದಾರಿ ನೀರು. ಕನೂ ಅಂತ ಕರೆಯುವ ಉದ್ದನೆಯ ಹಗುರ ದೋಣಿಯಲ್ಲಿ ಒಂದು ಕೆರೆ ದಾಟಬೇಕು, ದಡದಲ್ಲಿ ಇಳಿದು ದೋಣಿಯನ್ನು ಹೆಗಲ ಮೇಲೆ ಹೊತ್ತು ಕಾಡೊಳಗೆ ನಡೆಯಬೇಕು, ಮುಂದಿನ ಕೆರೆಯಲ್ಲಿ ಮತ್ತೆ ದೋಣಿ ಇಳಿಸಬೇಕು. ಹೀಗೆ ಹೊತ್ತು ನಡೆಯುವ ದಾರಿಗೆ ಪೋರ್ಟೇಜ್ ಅನ್ನುತ್ತಾರೆ. ದಡದ ಮರಕ್ಕೆ ಹಳದಿ ಬೋರ್ಡ್ ಹೊಡೆದಿರುತ್ತಾರೆ. ದೂರವನ್ನು ಮೀಟರಿನಲ್ಲಿ ಕೊಟ್ಟಿರುತ್ತಾರೆ.

ಮ್ಯಾಪಿನಲ್ಲಿ ಮೋಸ ಹೋಗುವುದು ಈ ಪೋರ್ಟೇಜ್ ಲೆಕ್ಕದಲ್ಲೇ. 1,000 ಮೀಟರ್ ಅಂತ ಇದ್ದರೆ ಒಂದು ಕಿ.ಮೀ. ತಾನೇ, ಹದಿನೈದು ನಿಮಿಷ ಅನ್ನಿಸುತ್ತದೆ. ಆದರೆ ದೋಣಿ, ಟೆಂಟ್, ಊಟದ ಬ್ಯಾಗು ಎಲ್ಲವನ್ನೂ ಒಂದೇ ಸಲಕ್ಕೆ ಹೊರಲು ಹೊಸಬರಿಗೆ ಆಗುವುದಿಲ್ಲ. ಒಮ್ಮೆ ಹೊತ್ತು ಹೋಗಿ, ಖಾಲಿ ಕೈಯಲ್ಲಿ ವಾಪಸ್ ಬಂದು, ಉಳಿದದ್ದನ್ನು ಮತ್ತೆ ಹೊರಬೇಕು. ಒಂದು ಕಿ.ಮೀ. ಅಲ್ಲಿಗೆ ಮೂರು ಕಿ.ಮೀ. ಆಯಿತು. ಕೆವ್ಲಾರ್ ಅನ್ನುವ ಹಗುರ, ಗಟ್ಟಿ ನಾರಿನಿಂದ ಮಾಡಿದ ದೋಣಿ ಸುಮಾರು 20 ಕೆ.ಜಿ. ಇರುತ್ತದೆ, ತೂಕ ಜಾಸ್ತಿ ಏನಲ್ಲ. ಆದರೆ ಅದನ್ನು ತಲೆಕೆಳಗಾಗಿ ಹೆಗಲಿಗೆ ಏರಿಸಿಕೊಂಡರೆ ಮುಂದೆ ನಾಲ್ಕು ಹೆಜ್ಜೆಯಷ್ಟು ನೆಲ ಮಾತ್ರ ಕಾಣುತ್ತದೆ. ಕೆಳಗೆ ಬೇರು, ಕೆಸರು, ಒದ್ದೆ ಬಂಡೆ. ಸೊಳ್ಳೆ ಕಿವಿಯ ಹತ್ತಿರ ಬಂದರೆ ಓಡಿಸಲು ಕೈ ಖಾಲಿ ಇರುವುದಿಲ್ಲ. ಅದಕ್ಕೇ ಬಾಡಿಗೆಗೆ ತೆಗೆದುಕೊಳ್ಳುವಾಗ ದುಡ್ಡು ಸ್ವಲ್ಪ ಜಾಸ್ತಿಯಾದರೂ ಕೆವ್ಲಾರ್ ದೋಣಿಯನ್ನೇ ತೆಗೆದುಕೊಳ್ಳಿ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಅಲ್ಗಾಂಕ್ವಿನ್‌ನಲ್ಲಿ ನೀವು ಬುಕ್ ಮಾಡುವುದು ಕೆರೆಯನ್ನು, ಟೆಂಟ್ ಹಾಕುವ ಸೈಟನ್ನು ಅಲ್ಲ. ಇಂಥ ರಾತ್ರಿ ಇಂಥ ಕೆರೆಯಲ್ಲಿ ಇರುತ್ತೇವೆ ಅಂತ ಪರ್ಮಿಟ್ ಸಿಗುತ್ತದೆ. ಆ ಕೆರೆಯ ಸುತ್ತ ಎಂಟೋ ಹತ್ತೋ ಸೈಟ್ ಇರುತ್ತವೆ, ಪ್ರತಿಯೊಂದಕ್ಕೂ ಮರದ ಮೇಲೆ ಕಿತ್ತಳೆ ಬಣ್ಣದ ಬೋರ್ಡ್. ಮೊದಲು ಬಂದವರಿಗೆ ಒಳ್ಳೆಯದು ಸಿಗುತ್ತದೆ. ಕೊನೆಗೆ ಬಂದವರು ಉಳಿದದ್ದನ್ನು ಹುಡುಕಬೇಕು.

ನನ್ನ ಮೊದಲ ಟ್ರಿಪ್ಪಿನಲ್ಲಿ ನಾವೂ ನಿಮ್ಮ ಹಾಗೆ ದೊಡ್ಡ ಸುತ್ತು ಹಾಕಿದ್ದೆವು. ಅದೂ ಲಾಂಗ್ ವೀಕೆಂಡ್. ಮೊದಲ ದಿನವೇ ಮೂರು ಪೋರ್ಟೇಜ್. ಮಧ್ಯಾಹ್ನ ಎದುರುಗಾಳಿ ಎದ್ದಿತು, ದೋಣಿ ನಿಂತಲ್ಲೇ ನಿಂತ ಹಾಗೆ. ನಮ್ಮ ಕೆರೆ ಮುಟ್ಟಿದಾಗ ಸಂಜೆ ಏಳೂವರೆ. ಮೊದಲ ಬೋರ್ಡಿನ ಹತ್ತಿರ ಹೋದರೆ ಟೆಂಟ್ ಇತ್ತು. ಎರಡನೆಯದರಲ್ಲಿ ಬೆಂಕಿ ಉರಿಯುತ್ತಿತ್ತು. ಮೂರು, ನಾಲ್ಕು, ಐದು, ಎಲ್ಲ ಭರ್ತಿ. ಬೆಳಕು ಹೋಗುತ್ತಿದೆ, ನೀರು ಕಪ್ಪಾಗುತ್ತಿದೆ, ಜೊತೆಯಲ್ಲಿದ್ದ ಗೆಳತಿಯ ಕೈ ಚಳಿಗೆ ನಡುಗುತ್ತಿದೆ. ಕೆರೆಯ ಆ ತುದಿಯ ಆರನೇ ಸೈಟ್ ಖಾಲಿ ಇತ್ತು. ದಡಕ್ಕೆ ದೋಣಿ ತಾಗಿದಾಗ ಯಾರೂ ಮಾತಾಡಲಿಲ್ಲ. ಟಾರ್ಚ್ ಬೆಳಕಲ್ಲಿ ಟೆಂಟ್ ಹಾಕಿ, ಊಟವನ್ನೂ ಮಾಡದೆ ಮಲಗಿದೆವು. ಆ ದಿನದಿಂದ ನನ್ನ ಪ್ಲಾನ್ ಶುರುವಾಗುವುದೇ ಸಂಜೆಯಿಂದ. ಮೂರು ಗಂಟೆಗೆ ಟೆಂಟ್ ಹಾಕಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಆ ದಿನ ಎಷ್ಟು ದೂರ ಹೋಗಬಹುದು ಅಂತ ತಾನಾಗಿ ಗೊತ್ತಾಗುತ್ತದೆ.

ನಿಮಗೆ ನಾನು ಹೇಳುವ ದಾರಿ ಹೀಗಿದೆ. ಟೊರೊಂಟೊದಿಂದ ಪಾರ್ಕಿನ ಪಶ್ಚಿಮದ ಗೇಟಿಗೆ ಕಾರಿನಲ್ಲಿ ಮೂರು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಗೇಟಿನಿಂದ 14 ಕಿ.ಮೀ. ಒಳಗೆ ಕನೂ ಲೇಕ್. ದಡದಲ್ಲೇ ದೋಣಿ ಬಾಡಿಗೆಗೆ ಸಿಗುತ್ತದೆ, ಕಾರಿನ ಮೇಲೆ ಕಟ್ಟಿಕೊಂಡು ಹೋಗುವ ತಾಪತ್ರಯ ಇಲ್ಲ. ಕನೂ ಲೇಕಿನ ಉತ್ತರದ ತುದಿಗೆ ಹೋದರೆ ಜೋ ಲೇಕಿಗೆ 295 ಮೀಟರ್ ಪೋರ್ಟೇಜ್. ಅಗಲವಾದ, ಚೆನ್ನಾಗಿ ಸವೆದ ದಾರಿ. ಹೋಗುವಾಗ ಹೊರುವುದು ಅದೊಂದೇ. ಆಮೇಲೆ ಜೋ ಲೇಕ್, ಟೀಪಿ ಲೇಕ್, ಲಿಟಲ್ ಡೋ ಲೇಕ್, ಟಾಮ್ ಥಾಮ್ಸನ್ ಲೇಕ್ ತನಕ ನೀರಲ್ಲೇ ಹೋಗಬಹುದು.

ಮೊದಲ ದಿನ ಬೆಳಗ್ಗೆ ಮನೆಯಿಂದ ಎಷ್ಟು ಬೇಗ ಹೊರಟರೂ, ಪರ್ಮಿಟ್, ದೋಣಿ, ಸಾಮಾನು ಜೋಡಿಸುವುದು ಎಲ್ಲ ಸೇರಿ ನೀರಿಗೆ ಇಳಿಯುವಾಗ ಹನ್ನೊಂದಾಗುತ್ತದೆ. ಹಾಗಾಗಿ ಮೊದಲ ರಾತ್ರಿಗೆ ಟೀಪಿ ಲೇಕ್ ಹಾಕಿಕೊಳ್ಳಿ. ಮುಂದಿನ ಎರಡು ರಾತ್ರಿ ಟಾಮ್ ಥಾಮ್ಸನ್ ಲೇಕ್. ಒಂದೇ ಜಾಗದಲ್ಲಿ ಎರಡು ರಾತ್ರಿ ಇರಿ ಅಂತ ಬೇಕೆಂದೇ ಹೇಳುತ್ತಿದ್ದೇನೆ. ನಡುವಿನ ದಿನ ಟೆಂಟ್ ಕೀಳುವ ಕೆಲಸ ಇರುವುದಿಲ್ಲ. ಮಳೆ ಬಂದರೆ ಒಳಗೆ ಕೂರಬಹುದು, ಬಿಸಿಲಿದ್ದರೆ ಖಾಲಿ ದೋಣಿಯಲ್ಲಿ ಕೆರೆ ಸುತ್ತಬಹುದು. ಕಾಡನ್ನು ಕಣ್ತುಂಬ ನೋಡುವುದು ಆ ದಿನವೇ. ವಾಪಸ್ ಬರುವ ದಿನ ಬೆಳಗ್ಗೆ ಏಳಕ್ಕೇ ಹೊರಡಿ. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನ ಜೋರಾಗುತ್ತದೆ, ಕನೂ ಲೇಕಿನಂಥ ದೊಡ್ಡ ನೀರನ್ನು ಅಷ್ಟರೊಳಗೆ ದಾಟಿರಬೇಕು.

ಬುಕಿಂಗ್ 5 ತಿಂಗಳು ಮೊದಲೇ ತೆರೆಯುತ್ತದೆ. ಆಗಸ್ಟ್ 25ಕ್ಕೆ ಹೊರಡುವುದಾದರೆ ಮಾರ್ಚ್ 25ರ ಬೆಳಗ್ಗೆ ಕಂಪ್ಯೂಟರ್ ಮುಂದೆ ಇರಿ. ಕನೂ ಲೇಕ್ ತುಂಬ ಜನ ಹೋಗುವ ದಾರಿ, ಶುಕ್ರವಾರ ಶನಿವಾರ ಬೇಗ ತುಂಬುತ್ತದೆ. ನಿಮಗೆ ರಜೆ ಸಿಗುವುದಾದರೆ ಭಾನುವಾರ ಹೋಗಿ ಬುಧವಾರ ಬನ್ನಿ. ಎಲ್ಲರೂ ಹೊರಗೆ ಬರುತ್ತಿರುವಾಗ ನೀವು ಒಳಗೆ ಹೋಗುತ್ತಿರುತ್ತೀರಿ. ತಿಂಗಳ ಆಯ್ಕೆ ಚೆನ್ನಾಗಿದೆ. ಮೇ, ಜೂನ್‌ನಲ್ಲಿ ಬ್ಲ್ಯಾಕ್‌ಫ್ಲೈ ಅನ್ನುವ ಸಣ್ಣ ನೊಣ ಕಚ್ಚಿ ರಕ್ತ ಬರಿಸುತ್ತದೆ. ನಮ್ಮ ಮಲೆನಾಡಿನ ಇಂಬಳವನ್ನಾದರೂ ಕಿತ್ತು ಬಿಸಾಕಬಹುದು, ಇವು ಮೋಡದ ಹಾಗೆ ಮುತ್ತುತ್ತವೆ. ಆಗಸ್ಟ್ ಕೊನೆಗೆ ಅವುಗಳ ಕಾಟ ಇರುವುದಿಲ್ಲ, ಸೊಳ್ಳೆಯೂ ತುಂಬ ಇಳಿದಿರುತ್ತದೆ. ರಾತ್ರಿ ಮಾತ್ರ ಚಳಿ, ಸ್ವೆಟರ್ ಇರಲಿ.

ಈಜಿನ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಕಾನೂನಿಗೆ ಸಾಕು, ನಿಮಗೆ ಸಾಲದು. ನೀರಿನ ಮೇಲೆ ಇರುವಷ್ಟು ಹೊತ್ತೂ ಅದು ಮೈಮೇಲೆ ಇರಬೇಕು, ಜಿಪ್ ಹಾಕಿರಬೇಕು. ಈಜು ಬರುವವರಿಗೂ ಇದೇ ಮಾತು. ನೀವು ಮಲಗುವ ಕೆರೆಗೆ ಹೆಸರು ಬಂದಿರುವುದು ಟಾಮ್ ಥಾಮ್ಸನ್ ಅನ್ನುವ ಚಿತ್ರಕಾರರಿಂದ. ಈ ಕಾಡನ್ನೇ ಬರೆದು ಬರೆದು ಕೆನಡಾದ ಮನೆಮಾತಾದವರು. ದೋಣಿಯಲ್ಲಿ ಪಳಗಿದ ಕೈ. ಅವರು 1917ರ ಜುಲೈನಲ್ಲಿ ತೀರಿಕೊಂಡಿದ್ದು ನೀವು ದಾಟಲಿರುವ ಕನೂ ಲೇಕಿನಲ್ಲೇ. ಹೇಗೆ ಸತ್ತರು ಅನ್ನುವ ಬಗ್ಗೆ ಇವತ್ತಿಗೂ ಚರ್ಚೆ ಇದೆ. ಅವರ ನೆನಪಿನ ಕಲ್ಲು ಆ ಕೆರೆಯ ದಡದಲ್ಲೇ ಇದೆ. ದೋಣಿ ನಿಲ್ಲಿಸಿ ನೋಡಿ ಹೋಗಿ.

ಎರಡು ದೋಣಿ ತೆಗೆದುಕೊಂಡು, ಒಂದೊಂದರಲ್ಲಿ ಈಜು ಬರುವ ಒಬ್ಬರು, ಬಾರದ ಒಬ್ಬರು ಕೂರಿ. ದೋಣಿ ತಿರುಗಿಸುವ ಕೆಲಸ ಹಿಂದೆ ಕೂತವರದ್ದು. ಯಾವಾಗಲೂ ದಡದ ಹತ್ತಿರದಲ್ಲೇ ಸಾಗಿ. ನಡುನೀರಲ್ಲಿ ಅಡ್ಡ ಹಾಯ್ದರೆ ಉಳಿಯುವುದು ಹತ್ತು ನಿಮಿಷ, ಅದಕ್ಕಾಗಿ ಜೀವ ಒತ್ತೆ ಇಡುವುದು ಬೇಡ. ಹೊರಡುವ ಮೊದಲು ಒಂದು ಭಾನುವಾರ ಮನೆ ಹತ್ತಿರದ ಯಾವುದಾದರೂ ಕೆರೆಯಲ್ಲಿ ಎರಡು ಗಂಟೆ ಅಭ್ಯಾಸ ಮಾಡಿ. ದೋಣಿಯಲ್ಲಿ ನೀರು ತೋಡುವ ಪಾತ್ರೆ, ಸೀಟಿ, 15 ಮೀಟರ್ ತೇಲುವ ಹಗ್ಗ ಇರಲೇಬೇಕು ಅನ್ನುವುದು ಇಲ್ಲಿನ ನಿಯಮ. ಬಾಡಿಗೆಯವರು ಒಂದೇ ಕಿಟ್‌ನಲ್ಲಿ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ.

ಊಟದಲ್ಲಿ ನಮ್ಮವರಿಗೆ ಅನುಕೂಲ ಜಾಸ್ತಿ. ಇಲ್ಲಿನವರು ಪುಡಿ ಊಟದ ಪ್ಯಾಕೆಟ್‌ಗೆ ತುಂಬ ದುಡ್ಡು ಕೊಡುತ್ತಾರೆ. ನಮ್ಮ ಅಜ್ಜಿಯರು ಪ್ರಯಾಣದ ಊಟ ಯಾವತ್ತೋ ಕಂಡುಹಿಡಿದಿದ್ದಾರೆ. ರವೆ ಹುರಿದು, ಒಗ್ಗರಣೆ ಹಾಕಿ ಆರಿಸಿ ಜಿಪ್ ಕವರಿಗೆ ತುಂಬಿ. ಕುದಿಯುವ ನೀರಿಗೆ ಸುರಿದರೆ ಐದು ನಿಮಿಷಕ್ಕೆ ಉಪ್ಪಿಟ್ಟು. ಗೊಜ್ಜವಲಕ್ಕಿಗೆ ಒಲೆಯೂ ಬೇಡ. ಬೆಳಗ್ಗೆ ರಾಗಿ ಹುರಿಹಿಟ್ಟಿಗೆ ಬೆಲ್ಲ, ನೀರು. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ. ನಡುವೆ ಬಾಯಾಡಿಸಲು ಕಡ್ಲೆಕಾಯಿ ಚಿಕ್ಕಿ. ನೆನಪಿಡಿ, ಒಳಕಾಡಿಗೆ ತಗಡಿನ ಡಬ್ಬಿ, ಬಾಟಲಿಯಲ್ಲಿ ಬರುವ ಊಟ, ಪಾನೀಯ ಒಯ್ಯುವ ಹಾಗಿಲ್ಲ. ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಿಂದ ತೆಗೆದು, ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಕೊಳ್ಳಿ.

ಅದೇ ಒಗ್ಗರಣೆ, ಇಂಗಿನ ವಾಸನೆ ಕರಡಿಗೂ ಹೋಗುತ್ತದೆ. ಇಲ್ಲಿರುವುದು ಕಪ್ಪು ಕರಡಿ, ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ದೂರ ಹೋಗುತ್ತದೆ. ಆದರೆ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದರ ಜೀವಕ್ಕೇ ಸಂಚಕಾರ. ನಮ್ಮ ಒಂದು ರಾತ್ರಿಯ ಸೋಮಾರಿತನಕ್ಕೆ ಅದು ಸಾಯಬಾರದು ಅಲ್ವಾ? ಹಾಗಾಗಿ ಊಟ, ಕಸ, ಟೂತ್‌ಪೇಸ್ಟ್, ಸೋಪು, ವಾಸನೆ ಇರುವ ಎಲ್ಲವೂ ಒಂದೇ ಬ್ಯಾಗಿನಲ್ಲಿ ಮರಕ್ಕೆ ಏರಬೇಕು. ನೆಲದಿಂದ 4 ಮೀಟರ್ ಮೇಲೆ, ಕಾಂಡದಿಂದ 2 ಮೀಟರ್ ಆಚೆ, ಟೆಂಟಿನಿಂದ ದೂರ. ಕರಡಿ ಮರ ಹತ್ತುತ್ತದೆ, ಅದಕ್ಕೇ ಕಾಂಡದಿಂದ ದೂರ ಇರಬೇಕು.

ಇದನ್ನು ಹೇಗೆ ಮಾಡುತ್ತೇನೆ ಹೇಳುತ್ತೇನೆ. ಒಂದು ಹಳೆ ಕಾಲುಚೀಲಕ್ಕೆ ಮುಷ್ಟಿಯಷ್ಟು ಕಲ್ಲು ಹಾಕಿ ಹಗ್ಗದ ತುದಿಗೆ ಕಟ್ಟುತ್ತೇನೆ. ಉಳಿದ ಹಗ್ಗವನ್ನು ಕಾಲ ಬಳಿ ಸುರುಳಿಯಾಗಿ ಸಡಿಲ ಬಿಟ್ಟು, ಇನ್ನೊಂದು ತುದಿ ಮೆಟ್ಟಿಕೊಂಡು, ಕಲ್ಲನ್ನು ಕೆಳಗಿನಿಂದ ಬೀಸಿ ಕೊಂಬೆಯ ಆಚೆಗೆ ಎಸೆಯುತ್ತೇನೆ. ಎದುರಿಗೆ ಯಾರೂ ನಿಲ್ಲಬಾರದು, ಕಲ್ಲು ಜೋಲಿ ಹೊಡೆದು ವಾಪಸ್ ಬರುತ್ತದೆ. ಸರಿಯಾದ ಕೊಂಬೆ ಹುಡುಕುವುದಕ್ಕೇ ಅರ್ಧ ಗಂಟೆ ಬೇಕು. ಈ ಕೆಲಸ ಟೆಂಟ್ ಹಾಕಿದ ಕೂಡಲೇ, ಬೆಳಕಿರುವಾಗಲೇ ಆಗಬೇಕು. ಮೂರು ಗಂಟೆಗೆ ಸೈಟ್ ಮುಟ್ಟಬೇಕು ಅಂದಿದ್ದಕ್ಕೆ ಇದೂ ಒಂದು ಕಾರಣ.

ಉಳಿದದ್ದು ಸಣ್ಣ ವಿಷಯ. ಕೆರೆ ನೀರು ಕನ್ನಡಿಯ ಹಾಗಿದ್ದರೂ ಫಿಲ್ಟರ್ ಮಾಡದೆ, ಕುದಿಸದೆ ಕುಡಿಯಬೇಡಿ. ಬೆಂಕಿ ಸೈಟಿನ ಕಲ್ಲಿನ ಒಲೆಯಲ್ಲಿ ಮಾತ್ರ. ಕಾಡು ಒಣಗಿದ್ದಾಗ ಬೆಂಕಿಗೇ ನಿಷೇಧ ಬರುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ, ಗ್ಯಾಸ್ ಸ್ಟೋವ್ ಹೇಗೂ ಇರಲಿ. ಪ್ರತಿ ಸೈಟಿನ ಹಿಂದೆ ಕಾಡಿನಲ್ಲಿ ಮುಚ್ಚಳ ಇರುವ ಮರದ ಪೆಟ್ಟಿಗೆ ಇರುತ್ತದೆ, ಅದೇ ಕಕ್ಕಸು. ಪಾತ್ರೆಯನ್ನು ಕೆರೆಯೊಳಗೆ ತೊಳೆಯಬೇಡಿ, ನೀರು ತಂದು ದಡದಿಂದ ದೂರ ತೊಳೆಯಿರಿ.

ರಾತ್ರಿ ಕೆರೆಯ ಮೇಲಿಂದ ಯಾರೋ ಅತ್ತ ಹಾಗೆ, ನಕ್ಕ ಹಾಗೆ ಒಂದು ಕೂಗು ಬರುತ್ತದೆ. ಗಾಬರಿ ಬೇಡ. ಅದು ಲೂನ್, ನಿಮ್ಮ ಜೇಬಿನ ಒಂದು ಡಾಲರ್ ನಾಣ್ಯದ ಮೇಲಿರುವ ಹಕ್ಕಿ. ಮೊದಲ ಸಲ ಕೇಳಿದ ರಾತ್ರಿ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಅದನ್ನು ಕೇಳುವುದಕ್ಕೇ ಟೆಂಟಿನ ಜಿಪ್ ತೆಗೆದು ಹೊರಗೆ ಬಂದು ಕೂರುತ್ತೇನೆ.

ಕೊನೆಯದಾಗಿ, ಒಳಗೆ ಫೋನ್ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ. ಒಂದು ಹಾಳೆಯಲ್ಲಿ ಯಾವ ರಾತ್ರಿ ಯಾವ ಕೆರೆ, ಕಾರಿನ ನಂಬರ್, ದೋಣಿಯ ಬಣ್ಣ, ಟೆಂಟಿನ ಬಣ್ಣ ಬರೆದು ಊರಲ್ಲಿ ಉಳಿಯುವ ಒಬ್ಬರಿಗೆ ಕೊಡಿ. ಬುಧವಾರ ರಾತ್ರಿ ಎಂಟರೊಳಗೆ ನಮ್ಮ ಫೋನ್ ಬರದಿದ್ದರೆ ಪಾರ್ಕಿಗೆ ತಿಳಿಸಿ ಅಂತ ಹೇಳಿ, ಪಾರ್ಕಿನ ನಂಬರನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ವಾಪಸ್ ಬರುತ್ತಾ ಸಿಗ್ನಲ್ ಸಿಕ್ಕ ಕೂಡಲೇ ಮೊದಲ ಕರೆ ಅವರಿಗೇ ಮಾಡಿ. ದಾರಿಯಲ್ಲಿ ಎಲ್ಲೂ ಕತ್ತಲಾಗಲು ಬಿಡಬೇಡಿ. ಹೈವೇ 60ರಲ್ಲಿ ಮೂಸ್ ಅನ್ನುವ ದೊಡ್ಡ ಕಡವೆಯಂಥ ಪ್ರಾಣಿ ರಸ್ತೆಗೆ ಬರುತ್ತದೆ. ಮೈ ಕಪ್ಪು, ಕತ್ತಲಲ್ಲಿ ಹತ್ತಿರ ಬರುವ ತನಕ ಕಾಣುವುದಿಲ್ಲ.