ಕ್ಲಚ್ ಒತ್ತಿದ ಕಾಲು ಯಾರದು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಬೇರೆ ಯಾವುದನ್ನೂ ತೆರೆಯೋಕೆ ಮನಸ್ಸು ಬರಲಿಲ್ಲ. ಸಿಟ್ಟು ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರು ಬೆಂಗಳೂರಿನವರು, 39 ವರ್ಷ, ಶಾಲೆಯಲ್ಲಿ ಟೀಚರ್. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅಮ್ಮ ಇವರ ಜೊತೆಗೇ ಇದ್ದಾರೆ, ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮನೆ ಮುಂದೆ ಕಾರು ನಿಂತಿರುತ್ತದೆ, ಓಡಿಸುವವರು ಇರುವುದಿಲ್ಲ. ಡಯಾಲಿಸಿಸ್ ಮುಗಿಸಿ ಸುಸ್ತಾದ ಅಮ್ಮನನ್ನು ಆಸ್ಪತ್ರೆ ಗೇಟಿನಲ್ಲಿ ನಿಲ್ಲಿಸಿಕೊಂಡು ಆಟೊಗೆ ಕೈ ಅಡ್ಡ ಹಾಕುವುದು ಸಾಕಾಗಿ ಇವರು ಕಾರು ಕಲಿಯೋಕೆ ಹೊರಟರು. ಡ್ರೈವಿಂಗ್ ಸ್ಕೂಲಿಗೆ ಸೇರಿ, ಅರ್ಧ ಅರ್ಧ ಗಂಟೆಯ 21 ಕ್ಲಾಸ್ ಮುಗಿಸಿದರು. ಟೆಸ್ಟಿಗೆ ಎರಡು ಸಲ ಹೋದರು. ಎರಡು ಸಲವೂ ಫೇಲ್. ಮೊದಲನೇ ಸಲ ಟ್ರ್ಯಾಕಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಎರಡನೇ ಸಲ ರಿವರ್ಸ್‌ನಲ್ಲಿ ಮೂರು ಬಾರಿ ಆಫ್ ಆಯಿತು, ಅಲ್ಲೇ ಅತ್ತುಬಿಟ್ಟರು. ಮುಂದಿನ ವಾರಕ್ಕೆ ಮತ್ತೆ ಸ್ಲಾಟ್ ಬುಕ್ ಮಾಡಿದ್ದಾರೆ. ರಾತ್ರಿ ನಿದ್ದೆ ಇಲ್ಲ. "ನನಗೆ ಹುಟ್ಟಿನಿಂದಲೂ ಪುಕ್ಕಲು ಸ್ವಭಾವ ಮೇಡಂ, ಪ್ರಾಣಾಯಾಮ ಮಾಡ್ತಿದ್ದೀನಿ, ಆದ್ರೂ ಕೂತ ತಕ್ಷಣ ಕಾಲು ನಡುಗುತ್ತೆ. ಯಜಮಾನರು ಒಂದು ದಿನವೂ ಜೊತೆಗೆ ಬರಲಿಲ್ಲ. ಟೆಸ್ಟಿಗೆ ಮುಂಚೆ ಧೈರ್ಯಕ್ಕೆ ಏನಾದರೂ ಮಾತ್ರೆ ತಗೋಬಹುದಾ?" ಎಂದು ಕೇಳಿದ್ದಾರೆ.

ಮಾತ್ರೆ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಡುಕ ನಿಲ್ಲಿಸುವ ಮಾತ್ರೆ ಮಂಪರು ತರಬಹುದು, ಮಂಪರಿನಲ್ಲಿ ಸ್ಟೀರಿಂಗ್ ಹಿಡಿಯಬಾರದು.

ಈಗ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರೋಣ. ಅಲ್ಲಿ ಕ್ಲಚ್ ಬಗ್ಗೆ, ಅಂದರೆ ಗೇರ್ ಹಾಕುವಾಗ ಎಡಗಾಲಲ್ಲಿ ಒತ್ತುವ ಪೆಡಲ್ ಬಗ್ಗೆ, ಒಂದು ಸಾಲು ಇದೆ. ನೀವು ಅದನ್ನು ಸುಮ್ನೆ ಹಾಗೇ ಬರೆದು ಮುಂದೆ ಹೋಗಿದ್ದೀರಿ, ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. "ಕ್ಲಾಸಲ್ಲಿ ಕ್ಲಚ್ ಬೆಣ್ಣೆ ಥರ ಹಗುರ ಇರ್ತಿತ್ತು. ಟೆಸ್ಟ್ ದಿನ ಅದೇ ಕಾರು, ಅದೇ ಕ್ಲಚ್, ಕಲ್ಲಿನ ಹಾಗೆ ಗಟ್ಟಿ. ನನ್ನ ಭಯ ಎಷ್ಟಿರಬೇಕು ನೋಡಿ."

ಅದು ಭಯ ಅಲ್ಲ. ಕ್ಲಾಸಲ್ಲಿ ಆ ಕ್ಲಚ್ ಒತ್ತುತ್ತಿದ್ದದ್ದು ನಿಮ್ಮ ಕಾಲಲ್ಲ, ಮಾಸ್ಟರ್ ಕಾಲು.

ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಎಡಗಡೆ ಸೀಟಿನ ಕೆಳಗೂ ಪೆಡಲ್ ಇರುತ್ತವೆ. ಇರಲೇಬೇಕು, ನಿಯಮವೇ ಇದೆ, ಕಲಿಯುವವರು ಗಾಬರಿಯಾದಾಗ ಪಕ್ಕದವರು ಕಾರು ನಿಲ್ಲಿಸಬೇಕಲ್ವಾ? ಆ ಪೆಡಲ್ಲೂ ನಿಮ್ಮ ಪೆಡಲ್ಲೂ ಒಂದಕ್ಕೊಂದು ಜೋಡಿಸಿರುತ್ತವೆ. ಅವರು ಒತ್ತಿದರೆ ನಿಮ್ಮದೂ ಕೆಳಗೆ ಹೋಗುತ್ತದೆ. ನಿಮ್ಮ ಪಾದ ಅದರ ಮೇಲೆ ಇರುತ್ತದೆ, ಅದು ಕೆಳಗಿಳಿದಾಗ ಪಾದವೂ ಇಳಿಯುತ್ತದೆ, ನಾನೇ ಒತ್ತಿದೆ ಅಂತ ನಿಮಗೆ ಅನಿಸುತ್ತದೆ. ಬಿಡುವಾಗಲೂ ಅಷ್ಟೇ. ಕಾರು ಆಫ್ ಆಗದ ಹಾಗೆ ಮೆಲ್ಲಗೆ ಬಿಡುತ್ತಿದ್ದದ್ದು ಅವರು. ನೀವು 21 ದಿನ ಸ್ಟೀರಿಂಗ್ ತಿರುಗಿಸಿದ್ದೀರಿ, ಗೇರ್ ಹಾಕಿದ್ದೀರಿ, ಇಂಡಿಕೇಟರ್ ಹಾಕಿದ್ದೀರಿ. ಕಾರು ಓಡಿಸಿಲ್ಲ. ಟೆಸ್ಟ್ ದಿನ ಎಡಗಡೆ ಸೀಟು ಖಾಲಿ. ಕಾಲು ನಡುಗದೆ ಇನ್ನೇನು ಮಾಡಬೇಕಿತ್ತು? ನಿಮ್ಮ ಕಾಲಿಗೆ ನಿಜ ಗೊತ್ತಿತ್ತು.

ಈ ಅಂಕಣ ಓದುವವರಿಗೆ ನಾನು ಪದೇ ಪದೇ ಹೇಳುವ ಮಾತು ಇದು, ಇವತ್ತೂ ಹೇಳುತ್ತೇನೆ. ಭಯ ಬಂದ ಕೂಡಲೇ ಅದನ್ನು ಓಡಿಸೋಕೆ ಹೋಗಬೇಡಿ, ಏನು ಹೇಳೋಕೆ ಬಂದಿದೆ ಅಂತ ಒಂದು ಸಲ ಕೇಳಿ. ಎಷ್ಟೋ ಸಲ ಅದು ಸರಿಯಾದ ಮಾತನ್ನೇ ಹೇಳುತ್ತಿರುತ್ತದೆ. ನಿಮ್ಮ ವಿಷಯದಲ್ಲಿ ಅದು "ನೀನಿನ್ನೂ ಇದನ್ನ ಒಬ್ಬಳೇ ಮಾಡಿಲ್ಲ" ಅಂತ ಹೇಳುತ್ತಿತ್ತು. ಅದಕ್ಕೆ ಉತ್ತರ ಉಸಿರಾಟದಲ್ಲಿ ಇಲ್ಲ. ಪ್ರಾಣಾಯಾಮ ಒಳ್ಳೆಯದು, ಬಿಡಬೇಡಿ, ಆದರೆ ಕ್ಲಚ್ ಕಲಿಸೋದು ಅದರ ಕೆಲಸ ಅಲ್ಲ.

ಇನ್ನು ಪುಕ್ಕಲು ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಹನ್ನೆರಡು ವರ್ಷದಿಂದ ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಸ್ಕೂಟರಿನಲ್ಲಿ ಶಾಲೆಗೆ ಹೋಗ್ತೀನಿ ಅಂತ ಅದೇ ಪತ್ರದಲ್ಲಿ ಬರೆದಿದ್ದೀರಿ. ಸಿಲ್ಕ್ ಬೋರ್ಡ್! ಬಿಎಂಟಿಸಿ ಬಸ್ಸು ಒಂದು ಕಡೆ, ಟ್ಯಾಂಕರ್ ಇನ್ನೊಂದು ಕಡೆ, ನಡುವೆ ನೀವು. ರಸ್ತೆ ನೋಡುವ ಕಣ್ಣು, ಪಕ್ಕದವನು ಯಾವಾಗ ನುಗ್ಗುತ್ತಾನೆ ಅನ್ನೋ ಅಂದಾಜು, ಎಲ್ಲಾ ನಿಮ್ಮಲ್ಲಿ ಆಗಲೇ ಇದೆ. ಇಲ್ಲದಿರೋದು ಒಂದೇ. ಸ್ಕೂಟರಿಗೆ ಕ್ಲಚ್ ಇಲ್ಲ.

ಈಗ ನಿಮ್ಮ ಮಾಸ್ಟರ್. "ನಿಮ್ಮ ಕೈ ಎಲ್ಲಾ ಚೆನ್ನಾಗಿದೆ ಮೇಡಂ, ಧೈರ್ಯ ಒಂದೇ ಇಲ್ಲ" ಎಂದರಂತೆ. ನನಗೆ ಸಿಟ್ಟು ಬಂದದ್ದು ಇಲ್ಲಿ. ತಾವು ಕಲಿಸದೇ ಬಿಟ್ಟಿದ್ದನ್ನು ನಿಮ್ಮ ಸ್ವಭಾವದ ಮೇಲೆ ಹಾಕಿಬಿಟ್ಟರು, ನೀವು ಅದನ್ನು ನಂಬಿ ರಾತ್ರಿಯಿಡೀ ಎಚ್ಚರವಿದ್ದೀರಿ. ನಾನೂ ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ನನ್ನ ಮಾಸ್ಟರ್ ಮೂರನೇ ದಿನವೇ ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡು ಕೂತು, "ಆಫ್ ಆಗ್ಲಿ ಬಿಡಿ, ಇಂಜಿನ್ ಏನೂ ಕರಗಲ್ಲ" ಎನ್ನುತ್ತಿದ್ದರು. ಆ ದಿನ ಹದಿನೈದು ಸಲ ಆಫ್ ಆಯಿತು. ಅವರಿಗೆ ನಾನು ಇವತ್ತಿಗೂ ಋಣಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಅಂತ ಇವೆಯಲ್ಲ, ಅದರ ಪ್ರಕಾರ ಸ್ಕೂಲಿನವರು ಸ್ವಂತ ಬಳಕೆಯ ಕಾರು ಓಡಿಸೋಕೆ ಕಲಿಸುವಾಗ ಕನಿಷ್ಠ 21 ದಿನ ಕಲಿಸಬೇಕು, ಅದರಲ್ಲಿ ನಿಜವಾಗಿ ಓಡಿಸೋದು 10 ಗಂಟೆಗೆ ಕಡಿಮೆ ಇರಬಾರದು. ನಿಮ್ಮದು ಲೆಕ್ಕದಲ್ಲಿ ಹತ್ತೂವರೆ ಗಂಟೆ. ಅದರಲ್ಲಿ ಕ್ಲಚ್ ಪೂರ್ತಿ ನಿಮ್ಮ ಕಾಲಲ್ಲಿ ಇದ್ದದ್ದು ಎಷ್ಟು ನಿಮಿಷ? ಇದನ್ನು ಅವರ ಹತ್ತಿರ ಕೇಳಬೇಕು. ಇನ್ನೂ ಒಂದು. "ಸ್ವಲ್ಪ ಖರ್ಚಾಗುತ್ತೆ, ನಾನು ನೋಡ್ಕೋತೀನಿ" ಎಂದೂ ಅವರು ಹೇಳಿದ್ದಾರೆ ಅಂತ ಬರೆದಿದ್ದೀರಿ. ಆ ದಾರಿ ತುಳಿಯಬೇಡಿ. ಲೈಸೆನ್ಸ್ ಬಂದ ಮಾರನೇ ದಿನ ನೀವು ಕೂರಿಸಿಕೊಂಡು ಹೋಗೋದು ಅಮ್ಮನನ್ನು.

ಯಜಮಾನರ ಮೇಲೆ ನಿಮಗೆ ಬೇಜಾರಿದೆ. ನನಗೆ ಇಲ್ಲ. ಶಿಫ್ಟ್ ಮುಗಿಸಿ ಬಂದವರು ಮಲಗಲಿ. ಅವರು ಟ್ರ್ಯಾಕ್ ಪಕ್ಕ ನಿಂತು "ಬ್ರೇಕು, ಬ್ರೇಕು" ಎಂದು ಕೈ ಆಡಿಸಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು. ಗಂಡನಿಂದ ಕಾರು ಕಲಿಯಬೇಡಿ ಅನ್ನೋದು ನನ್ನ ಹಳೇ ಮಾತು, ಅದರಿಂದ ನಾನು ಇನ್ನೂ ಹಿಂದೆ ಸರಿದಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದೇ ಕೆಲಸ. ಮುಂದಿನ ಕ್ಲಾಸಲ್ಲಿ ಮಾಸ್ಟರ್ ಕಾಲನ್ನು ಪೆಡಲ್ ಮೇಲಿಂದ ತೆಗೆಸಿ.

ಕಾರು ಹತ್ತುವ ಮೊದಲೇ ಹೇಳಿ. "ಸರ್, ಇವತ್ತು ಮೇನ್ ರೋಡ್ ಬೇಡ, ಖಾಲಿ ಗ್ರೌಂಡಿಗೆ ಹೋಗೋಣ. ನಿಮ್ಮ ಪಾದ ಮ್ಯಾಟ್ ಮೇಲಿರಲಿ. ಅಪಾಯ ಅನ್ನಿಸಿದರೆ ಮಾತ್ರ ಬ್ರೇಕ್ ಒತ್ತಿ. ಕ್ಲಚ್ ಮುಟ್ಟಬೇಡಿ." ಅಷ್ಟೇ. ಜಗಳ ಬೇಡ, ಕೋಪ ಬೇಡ. ನೀವು ಟೀಚರ್, ಐವತ್ತು ಮಕ್ಕಳನ್ನು ಕೂರಿಸುವ ದನಿ ನಿಮ್ಮ ಹತ್ತಿರ ಇದೆ, ಆ ದನಿಯಲ್ಲಿ ಹೇಳಿ.

ಆಮೇಲೆ ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಹಿಮ್ಮಡಿ ನೆಲಕ್ಕೆ ಊರಿ, ಕ್ಲಚ್ ಮೇಲಕ್ಕೆ ಬಿಡುತ್ತಾ ಬನ್ನಿ. ಕೂದಲೆಳೆಯಷ್ಟು ಬಿಡಿ. ಒಂದು ಕಡೆ ಇಂಜಿನ್ ಸದ್ದು ದಪ್ಪ ಆಗುತ್ತದೆ, ಸೀಟಿನ ಕೆಳಗೆ ಸಣ್ಣ ಅದುರು ಬರುತ್ತದೆ, ಬಾನೆಟ್ ಒಂಚೂರು ಎದ್ದ ಹಾಗೆ ಕಾಣುತ್ತದೆ. ಅದೇ ಹಾಫ್ ಕ್ಲಚ್. ಅಲ್ಲೇ ಕಾಲು ನಿಲ್ಲಿಸಿ. ಕಾರು ತಾನಾಗಿ ಇರುವೆ ಹಾಗೆ ಹೊರಡುತ್ತದೆ. ಮತ್ತೆ ಒತ್ತಿ, ನಿಲ್ಲಿಸಿ, ಮತ್ತೆ ಬಿಡಿ. ಅರ್ಧ ಗಂಟೆ ಇದೊಂದೇ. ಬೇಕಾದಷ್ಟು ಸಲ ಆಫ್ ಆಗಲಿ. ಆಫ್ ಆದಾಗ ಕ್ಲಚ್ ಪೂರ್ತಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಮತ್ತೆ ಸ್ಟಾರ್ಟ್ ಮಾಡುವುದೂ ಕೈಗೆ ಬರಬೇಕು. ಮಾಸ್ಟರ್ ಕಾಲು ಇದ್ದಾಗ ನಿಮ್ಮ ಕಾರು ಒಂದು ದಿನವೂ ಆಫ್ ಆಗಿರಲಿಲ್ಲ, ಹಾಗಾಗಿ ಆಫ್ ಆದ ಕಾರನ್ನು ಹೇಗೆ ಎಬ್ಬಿಸೋದು ಅಂತಲೇ ನೀವು ಕಲಿತಿಲ್ಲ. ಎರಡನೇ ಟೆಸ್ಟಿನಲ್ಲಿ ನೀವು ಅತ್ತದ್ದು ಇದಕ್ಕೇ.

ಇದು ಕಾಲಿಗೆ ಹತ್ತಿದ ಮೇಲೆ ದಿಣ್ಣೆಗೆ ಹೋಗಿ. ಏರಿನಲ್ಲಿ ನಿಲ್ಲಿಸಿದ ಕಾರನ್ನು ಹಿಂದಕ್ಕೆ ಜಾರಿಸದೆ ಹೊರಡಿಸಬೇಕು, ಟೆಸ್ಟಿನ ನಿಯಮದಲ್ಲೇ ಹಾಗೆ ಇದೆ. ಅದಕ್ಕೆ ಹ್ಯಾಂಡ್ ಬ್ರೇಕ್ ಬಳಸಬಹುದು ಅಂತಲೂ ಅಲ್ಲೇ ಹೇಳಿದೆ. ಹ್ಯಾಂಡ್ ಬ್ರೇಕ್ ಎಳೆದಿರಲಿ, ಹಾಫ್ ಕ್ಲಚ್‌ಗೆ ಬನ್ನಿ, ಆಕ್ಸಿಲರೇಟರ್ ಸ್ವಲ್ಪ ಕೊಡಿ, ಕಾರು ಮುಂದಕ್ಕೆ ಎಳೆಯುತ್ತಿದೆ ಅನ್ನಿಸಿದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಅವಸರ ಬೇಡ. ರಿವರ್ಸ್‌ಗೂ ಇದೇ ಕಾಲು ಸಾಕು.

ಇನ್ನೊಂದು ಮಾತು ಆ ನಿಯಮದ ಬಗ್ಗೆ. ಟೆಸ್ಟಿನಲ್ಲಿ ಏನೇನು ಮಾಡಿ ತೋರಿಸಬೇಕು ಅಂತ ಅದರಲ್ಲಿ ಉದ್ದ ಪಟ್ಟಿ ಇದೆ. ಮೊಟ್ಟಮೊದಲು ಬರೆದಿರೋದು ಏನು ಗೊತ್ತಾ? ಹಿಂದಿನದು ಕಾಣುವ ಕನ್ನಡಿ ಸರಿಮಾಡಿಕೊಳ್ಳುವುದು. ಎರಡನೆಯದು, ಇಂಜಿನ್ ಸ್ಟಾರ್ಟ್ ಮಾಡುವ ಮುಂಚಿನ ಎಚ್ಚರಿಕೆಗಳು. ಕಾರು ಮುಂದೆ ಹೋಗೋದು ಅದಾದ ಮೇಲೆ. ಟೆಸ್ಟ್ ದಿನ ಆ ಕನ್ನಡಿಯನ್ನು ನಿಧಾನವಾಗಿ ತಿರುಗಿಸಿ, ಸೀಟು ಮುಂದೆ ಎಳೆದುಕೊಳ್ಳಿ, ಬೆಲ್ಟ್ ಹಾಕಿ. ಆ ಹೊತ್ತು ನಿಮ್ಮದು. ಬೆಳಿಗ್ಗೆ ಎರಡು ಇಡ್ಲಿಯಾದರೂ ತಿಂದು ಹೋಗಿ, ಖಾಲಿ ಹೊಟ್ಟೆಯ ನಡುಕವನ್ನೂ ಭಯದ ಲೆಕ್ಕಕ್ಕೆ ಸೇರಿಸಬೇಡಿ.

ಮತ್ತೆ, ಮುಂದಿನ ವಾರದ ಸ್ಲಾಟ್ ಬೇಡ, ಮುಂದಕ್ಕೆ ಹಾಕಿ. ಫೇಲಾದ ಮೇಲೆ ಏಳು ದಿನ ಬಿಟ್ಟು ಹೋಗಬಹುದು ಅಂತ ಕಾನೂನು ಹೇಳುತ್ತದೆ, ಎಂಟನೇ ದಿನವೇ ಓಡಬೇಕು ಅಂತ ಹೇಳಲ್ಲ. ಮೂರನೇ ಸಲವೂ ಆಗದಿದ್ದರೆ 60 ದಿನ ಕಾಯಬೇಕು, ಆದ್ದರಿಂದ ಈ ಅವಕಾಶವನ್ನು ಸುಮ್ಮನೆ ಕಳೆಯಬೇಡಿ. ಎಲ್‌ಎಲ್‌ಗೆ, ಅಂದರೆ ಕಲಿಯುವವರಿಗೆ ಕೊಡುವ ಲೈಸೆನ್ಸಿಗೆ, 6 ತಿಂಗಳ ಅವಧಿ, ನಿಮ್ಮದು ಮುಗಿಯೋಕೆ ಇನ್ನೂ ಎರಡೂವರೆ ತಿಂಗಳಿದೆ. ಸಾಕಷ್ಟಾಯಿತು. ಪಕ್ಕದ ಸೀಟಿನವರು ಕೈಕಟ್ಟಿ ಕೂತಿರುವಾಗ ಒಂದು ಇಡೀ ಕ್ಲಾಸು ನೀವೇ ಓಡಿಸಿದ ದಿನ, ಮನೆಗೆ ಬಂದು ಹೊಸ ಸ್ಲಾಟ್ ಬುಕ್ ಮಾಡಿ. ಅದಕ್ಕೆ ಮುಂಚೆ ಬೇಡ.

ಮಾಸ್ಟರ್ "ಅದೆಲ್ಲಾ ಆಗಲ್ಲ ಮೇಡಂ" ಎಂದರೆ ಸ್ಕೂಲ್ ಬದಲಿಸಿ. ಕಟ್ಟಿದ ದುಡ್ಡು ಹೋದರೆ ಹೋಗಲಿ. ಹೊಸ ಕಡೆ ಸೇರುವಾಗ ಫೀಸು ಎಷ್ಟು ಅಂತ ಕೇಳುವ ಮುಂಚೆ, ಎಷ್ಟನೇ ದಿನ ಕ್ಲಚ್ ನನ್ನ ಕಾಲಿಗೆ ಬಿಡ್ತೀರಿ ಅಂತ ಕೇಳಿ.