ಸುಡುವುದು ಮೆಣಸುಕಾಳಿನಷ್ಟು ಜಾಗ

ಪ್ರಶ್ನೆ: ನನಗೆ 37 ವರ್ಷ. ಎಂಟು ವರ್ಷಗಳಿಂದ ಆಗಾಗ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಳ್ಳುತ್ತದೆ. ಬಗ್ಗಿ ಚಪ್ಪಲಿ ಹಾಕಿಕೊಂಡರೂ ಸಾಕು, ಶುರು. ಕುತ್ತಿಗೆಯಲ್ಲೂ ಬಡಿತ ಗೊತ್ತಾಗುತ್ತದೆ. ಅರ್ಧ ಗಂಟೆಯಾದ ಮೇಲೆ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಸಿಜಿ ನಾರ್ಮಲ್. ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸುತ್ತಿದ್ದರು. ಕಳೆದ ತಿಂಗಳು ಬಡಿತ ನಡೆಯುತ್ತಿರುವಾಗಲೇ ಇಸಿಜಿ ಸಿಕ್ಕಿತು, ನಿಮಿಷಕ್ಕೆ 190. ಎಸ್‌ವಿಟಿಯಂತೆ (ಹೃದಯದ ಮೇಲ್ಭಾಗದಲ್ಲಿ ಹುಟ್ಟುವ ಅತಿವೇಗದ ಬಡಿತ), ಅಬ್ಲೇಶನ್ ಮಾಡಿ ಹೃದಯದೊಳಗೆ ಸುಡುತ್ತಾರಂತೆ. ಮಾತ್ರೆಯಲ್ಲೇ ವಾಸಿಯಾಗುವುದಿಲ್ಲವೇ?
– ಹೆಸರು ಬೇಡ

ಉತ್ತರ: ‘ಸುಡುತ್ತಾರಂತೆ’ ಎಂಬ ಪದದ ಕೆಳಗೆ ಎರಡು ಸಲ ಗೆರೆ ಎಳೆದಿದ್ದೀರಿ ತಾಯಿ. ಆ ಪದವನ್ನು ಹಿಂದುಮುಂದು ನೋಡದೆ ಬಳಸುವವರು ನಾವು ಡಾಕ್ಟರುಗಳೇ. ಅದಕ್ಕೆ ಬರುತ್ತೇನೆ, ಮೊದಲು ಟೆನ್ಷನ್ ವಿಷಯ.

ಗಾಬರಿಯ ಬಡಿತ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಹಾಗೇ ಇಳಿಯುತ್ತದೆ. ನಿಮ್ಮದು ಒಂದೇ ಏಟಿಗೆ ಶುರು, ಒಂದೇ ಏಟಿಗೆ ಬಂದ್. ಬಗ್ಗಿದಾಗ ಬರುವುದು, ಕುತ್ತಿಗೆಯಲ್ಲಿ ಹೊಡೆದುಕೊಳ್ಳುವುದು ಓದಿದಾಗಲೇ ಇಸಿಜಿಯಲ್ಲಿ ಏನಿರಬಹುದೆಂದು ನನಗೆ ಅಂದಾಜಾಯಿತು. ಬಡಿತ ನಿಂತ ಮೇಲೆ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದಲ್ಲವೇ? ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ ಒಸರುವ ಹಾರ್ಮೋನಿನ ಕೆಲಸ ಅದು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಇಂಥದ್ದೇ ತೊಂದರೆಯ ಒಬ್ಬಾಕೆಗೆ ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸಿದ್ದೆ. ಮೂರನೇ ಸಲ ಬಂದಾಗ ಅವರ ಇಸಿಜಿ ಕಾಗದ ನೋಡಿ ತಲೆ ತಗ್ಗಿಸಿದೆ.

ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಕೇತ ಇಳಿಯುವುದು ನಡುವಿನ ಒಂದು ಬಾಗಿಲಿನಿಂದ. ಎವಿ ನೋಡ್ ಅಂತ ಅದಕ್ಕೆ ಹೆಸರು. ಕೆಲವರಲ್ಲಿ ಆ ಬಾಗಿಲಿಗೆ ಎರಡು ದಾರಿ, ಒಂದು ಚುರುಕು, ಒಂದು ನಿಧಾನ. ಹೊತ್ತಲ್ಲದ ಹೊತ್ತಿನಲ್ಲಿ ಹುಟ್ಟಿದ ಬಡಿತವೊಂದು ನಿಧಾನದ ದಾರಿಯಲ್ಲಿ ಇಳಿದು ಚುರುಕಿನದರಲ್ಲಿ ವಾಪಸ್ ಹತ್ತಿತೋ, ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಸುತ್ತಿಗೊಂದು ಬಡಿತ. ಇನ್ನು ಕೆಲವರಲ್ಲಿ ಬಾಗಿಲನ್ನೇ ತಪ್ಪಿಸುವ ಕಳ್ಳದಾರಿ ಹುಟ್ಟಿನಿಂದ ಇರುತ್ತದೆ. ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು 1930ರಲ್ಲಿ ವಿವರಿಸಿದ ತೊಂದರೆಯ ಮೂಲ ಅದೇ. ನಿಮ್ಮದು ಮೊದಲನೆಯದೇ ಇರಬೇಕು, ಖಾತ್ರಿಯಾಗುವುದು ಒಳಗೆ ತಂತಿ ಹೋದ ಮೇಲೆ.

ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳ್ಳಗಿನ ತಂತಿಗಳನ್ನು ಹೃದಯಕ್ಕೆ ಏರಿಸುತ್ತೇವೆ. ಸಾಮಾನ್ಯವಾಗಿ ನಿಮಗೆ ಎಚ್ಚರವಿರುತ್ತದೆ. ಮುಂದಿನದನ್ನು ಯಾರೂ ಮೊದಲೇ ಹೇಳುವುದಿಲ್ಲ: ನಾವು ಬೇಕೆಂದೇ ಆ ಬಡಿತವನ್ನು ಎಬ್ಬಿಸುತ್ತೇವೆ. ಎದ್ದ ಕೂಡಲೇ ಮಲಗಿದವರು ‘ಅದೇ, ಅದೇ ಸಾರ್!’ ಎಂದು ಕೂಗುವುದುಂಟು. ನಮಗೆ ಬೇಕಾದ್ದೂ ಅದೇ. ಕಳ್ಳ ಕಣ್ಣಿಗೆ ಬೀಳದೆ ಹಿಡಿಯುವುದು ಹೇಗೆ? ದಾರಿ ಗುರುತಾದ ಮೇಲೆ ಕ್ಯಾತಿಟರ್ ತುದಿಯಿಂದ ರೇಡಿಯೋ ತರಂಗ ಹರಿಸಿ, ಅಲ್ಲಿನ ಅಂಗಾಂಶವನ್ನು 50 ಡಿಗ್ರಿ ಸೆಲ್ಸಿಯಸ್ ದಾಟಿಸುತ್ತೇವೆ. ಬೆಂಕಿಯಿಲ್ಲ, ಹೊಗೆಯಿಲ್ಲ. ಒಂದೊಂದು ಸಲಕ್ಕೆ ಅರ್ಧ ನಿಮಿಷ, ಒಂದು ನಿಮಿಷ. ಸಾಯುವುದು ಮೆಣಸುಕಾಳಿನಷ್ಟು ಜಾಗ. ಆಮೇಲೆ ಔಷಧಿ ಕೊಟ್ಟು ಮತ್ತೆ ಕೆಣಕಿ ನೋಡುತ್ತೇವೆ. ಏಳದಿದ್ದರೆ ಕೆಲಸ ಮುಗಿಯಿತು.

ಅಪಾಯವೇ ಇಲ್ಲವೆಂದರೆ ಸುಳ್ಳಾದೀತು. ನಿಧಾನದ ದಾರಿ ಇರುವುದು ಬಾಗಿಲಿನ ಮಗ್ಗುಲಲ್ಲೇ. ಬಾಗಿಲಿಗೇ ಪೆಟ್ಟು ಬಿದ್ದರೆ ಪೇಸ್‌ಮೇಕರ್ ಬೇಕಾಗಬಹುದು. ನುರಿತ ಕೈಯಲ್ಲಿ ಅದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ತೊಡೆಸಂದು ಕಂದುಗಟ್ಟುವುದು ಮಾಮೂಲು. ನೂರರಲ್ಲಿ ಸುಮಾರು 95 ಮಂದಿಗೆ ವಾಸಿಯಾಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ. ಚಿಕಿತ್ಸೆಯ ನಂತರದ ವಾರಗಳಲ್ಲಿ ‘ಅಯ್ಯೋ, ಶುರುವಾಯ್ತು’ ಎನ್ನುವಂತೆ ಎದೆ ಒಮ್ಮೊಮ್ಮೆ ಧಸಕ್ ಎನ್ನಬಹುದು. ಅಷ್ಟಕ್ಕೇ ನಿಂತರೆ ಹೆದರಬೇಡಿ.

ಮಾತ್ರೆ ಖಂಡಿತ ಇದೆ. ಬೀಟಾ ಬ್ಲಾಕರ್, ವೆರಪಾಮಿಲ್‌ನಂಥವು ಬಡಿತವನ್ನು ತಡೆದಿಡುತ್ತವೆ, ದಾರಿ ಅಳಿಸುವುದಿಲ್ಲ. ನಿಲ್ಲಿಸಿದರೆ ಮತ್ತೆ ಬರಬಹುದು. ಬೇರೆ ಹೃದಯದ ತೊಂದರೆ ಇಲ್ಲದವರಿಗೆ ಇದು ಪ್ರಾಣ ತೆಗೆಯುವ ಕಾಯಿಲೆಯಾಗುವುದು ತೀರಾ ಅಪರೂಪ, ಆದ್ದರಿಂದ ಅವಸರವಿಲ್ಲ. ಆದರೂ ಎಂಟು ವರ್ಷ ಚಪ್ಪಲಿ ಹಾಕಿಕೊಳ್ಳಲೂ ಹೆದರಿದ್ದೀರಿ. ನನ್ನ ಓಟು ಅಬ್ಲೇಶನ್‌ಗೆ.

ಅಲ್ಲಿಯವರೆಗೆ ಬಡಿತ ಶುರುವಾದರೆ ಹೀಗೆ ಮಾಡಿ. ಒರಗಿ ಕುಳಿತು, ಸೂಜಿಯಿಲ್ಲದ 10 ಮಿ.ಲೀ. ಸಿರಿಂಜಿನ ಬಾಯಿಗೆ 15 ಸೆಕೆಂಡ್ ಒಂದೇ ಸಮನೆ ಊದಿ, ಒಳಗಿನ ದಂಡ ಕದಲುವಷ್ಟು. ತಕ್ಷಣ ಅಂಗಾತ ಮಲಗಿ, ಯಾರಾದರೂ ನಿಮ್ಮ ಕಾಲುಗಳನ್ನು 15 ಸೆಕೆಂಡ್ ಮೇಲೆತ್ತಿ ಹಿಡಿಯಲಿ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲೆತ್ತಿದವರಲ್ಲಿ ಶೇ 43 ಮಂದಿಗೆ ಬಡಿತ ಸರಿಹೋಯಿತು, ಕಾಲೆತ್ತದೆ ಬರೀ ಊದಿದವರಲ್ಲಿ ಶೇ 17 ಮಂದಿಗೆ. ಇದನ್ನು ಒಮ್ಮೆ ನಿಮ್ಮ ಡಾಕ್ಟರ ಎದುರು ಮಾಡಿ ತೋರಿಸಿ. ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ ಊದುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನ್ನ ಸ್ಮಾರ್ಟ್‌ವಾಚ್‌ನಲ್ಲಿ ಸುಮ್ಮನೆ ಕೂತಿದ್ದರೂ ದಿನವಿಡೀ 105, 110 ತೋರಿಸುತ್ತದೆ. ನನಗೂ ಅಬ್ಲೇಶನ್ ಬೇಕೇ?
– ವಯಸ್ಸು 29

ಉತ್ತರ: ಈಗಲೇ ಆ ಮಾತು ಬೇಡ. ರಕ್ತಹೀನತೆ, ಥೈರಾಯ್ಡ್, ಒಳಜ್ವರ, ಅತಿಯಾದ ಕಾಫಿ, ಯಾವುದರಿಂದಲೂ ಹೀಗಾಗುತ್ತದೆ. ಅಂಥ ಬಡಿತಕ್ಕೆ ಸುಡಲು ದಾರಿಯೇ ಇರುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಒಂದು ಇಸಿಜಿ ಮಾಡಿಸಿ ಬರೆಯಿರಿ.